ಕಂಡದ್ದನ್ನು ಕೇಳುವ ಬಗೆ

ಮರೆವಿನ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ವಿಷಯಕ್ಕೆ ಬಂದು ನಿಲ್ಲುತ್ತವೆ: ಅಪಘಾತವನ್ನೋ ಅಪರಾಧವನ್ನೋ ಕಣ್ಣಾರೆ ಕಂಡವರನ್ನು ಹೇಗೆ ಕೇಳಿದರೆ ಅವರು ಕಂಡದ್ದು ಕಂಡ ಹಾಗೆಯೇ ಹೊರಗೆ ಬರುತ್ತದೆ? ಈ ಸಲದ ಪುಟಗಳನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಬರೆದವರು ತಮ್ಮ ಹೆಸರು ಬೇಡವೆಂದಿರುವುದರಿಂದ ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಕಲಬುರಗಿಯ ರಿಂಗ್ ರಸ್ತೆಯ ಪಕ್ಕದಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಎರಡು ವರ್ಷಗಳ ಹಿಂದೆ ಅಂಗಡಿಯ ಎದುರಿಗೇ ಲಾರಿಗೂ ಟಂಟಂ ಆಟೊಗೂ ಅಪಘಾತವಾಯಿತು. ಅಂದೇ ಸಂಜೆ ಹೇಳಿಕೆ ಬರೆದುಕೊಳ್ಳಲು ಬಂದವರು, 'ಕೆಂಪು ಲಾರಿ ಎಷ್ಟು ಜೋರಾಗಿ ಬಂದು ಗುದ್ದಿತು?' ಎಂದು ಕೇಳಿದರು. 'ನಾ ಅಂಗಡ್ಯಾಗ ಕುಂತಿದ್ದೆ ರೀ, ಏಕದಂ ಧಡ್ ಅಂತ ಸಪ್ಪಳಾತು, ಹೊಳ್ಳಿ ನೋಡೂದ್ರೊಳಗ ಟಂಟಂ ಉರುಳಿ ಬಿದ್ದಿತ್ತು, ಭಾಳ ಜೋರ ಬಂದಿರಬೇಕ್ರಿ' ಎಂದೆ. ಈಗ ನ್ಯಾಯಾಲಯದಿಂದ ಸಮನ್ಸ್ ಬಂದಿದೆ. ಕಣ್ಣು ಮುಚ್ಚಿದರೆ ಕೆಂಪು ಲಾರಿಯೇ ಕಾಣುತ್ತದೆ. ಆದರೆ ಅದು ನಾನು ಕಂಡ ಬಣ್ಣವೋ, ಅವರು ಹೇಳಿದ ಬಣ್ಣವೋ ತಿಳಿಯದಾಗಿದೆ. ನನ್ನ ನೆನಪಿಗೆ ಏನಾಗಿದೆ? ನಾನು ಏನು ಮಾಡಬೇಕು? (ಕಿರಾಣಿ ವ್ಯಾಪಾರಿ, ಕಲಬುರಗಿ)

ಉತ್ತರ: ನಿಮ್ಮ ನೆನಪು ಕೆಟ್ಟಿಲ್ಲ. ಎಲ್ಲರ ನೆನಪೂ ನಡೆದುಕೊಳ್ಳುವಂತೆಯೇ ಅದು ನಡೆದುಕೊಂಡಿದೆ. ಒಮ್ಮೆ ಕಂಡದ್ದು ಕಪಾಟಿನಲ್ಲಿಟ್ಟ ದಾಖಲೆಯಂತೆ ತಲೆಯೊಳಗೆ ಭದ್ರವಾಗಿರುತ್ತದೆ, ಬೇಕಾದಾಗ ತೆಗೆದು ಓದಬಹುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಿಜದಲ್ಲಿ ಪ್ರತಿ ಸಲ ನೆನೆಯುವಾಗಲೂ ನಾವು ಉಳಿದ ತುಣುಕುಗಳನ್ನು ಜೋಡಿಸಿ ಆ ಘಟನೆಯನ್ನು ಮತ್ತೊಮ್ಮೆ ಕಟ್ಟಿಕೊಳ್ಳುತ್ತೇವೆ, ಮತ್ತು ಹಾಗೆ ಕಟ್ಟುವಾಗ ಘಟನೆಯ ಅನಂತರ ಕಿವಿಗೆ ಬಿದ್ದ ಮಾತುಗಳೂ ಸದ್ದಿಲ್ಲದೆ ಒಳಗೆ ಸೇರಿಕೊಳ್ಳುತ್ತವೆ.

ಇದನ್ನು ತುಂಬ ಸರಳವಾಗಿ ತೋರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್. 1974ರಲ್ಲಿ ಅವರು 45 ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಚಿತ್ರ ತೋರಿಸಿ ಕಾರುಗಳ ವೇಗವನ್ನು ಅಂದಾಜು ಮಾಡಲು ಹೇಳಿದರು. ಎಲ್ಲರಿಗೂ ಕೇಳಿದ ಪ್ರಶ್ನೆ ಒಂದೇ, ಅದರೊಳಗಿನ ಕ್ರಿಯಾಪದ ಮಾತ್ರ ಬೇರೆ. 'ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ 40 ಮೈಲಿಗೂ ಹೆಚ್ಚು ಎಂದರೆ, 'ತಾಗಿದಾಗ' ಎಂದು ಕೇಳಿಸಿಕೊಂಡವರು 31.8 ಮೈಲಿ ಎಂದರು. ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿತ್ತೇ ಎಂದು ವಿಚಾರಿಸಿದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೂ 'ಅಪ್ಪಳಿಸಿದಾಗ' ಎಂಬ ಪದ ಕೇಳಿದ್ದ 50 ಮಂದಿಯಲ್ಲಿ 16 ಮಂದಿ ಗಾಜು ಕಂಡೆವು ಎಂದರು, ಮೃದುವಾದ ಪದ ಕೇಳಿದ್ದ 50 ಮಂದಿಯಲ್ಲಿ ಹಾಗೆ ಹೇಳಿದವರು 7 ಮಂದಿ ಮಾತ್ರ. ಇವರಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ.

ಈಗ ನಿಮಗೆ ಕೇಳಿದ ಪ್ರಶ್ನೆಯನ್ನು ನೋಡಿ. ಲಾರಿ ಕೆಂಪಗಿತ್ತು, ಅದು ಜೋರಾಗಿ ಬಂದಿತ್ತು, ಗುದ್ದಿದ್ದು ಅದೇ ಎಂಬ ಮೂರು ಸಂಗತಿಗಳು ನೀವು ಬಾಯಿ ತೆರೆಯುವ ಮೊದಲೇ ಆ ಒಂದು ವಾಕ್ಯದಲ್ಲಿ ತುಂಬಿಕೊಂಡಿದ್ದವು. ನೀವು ಕೊಟ್ಟ ಉತ್ತರದಲ್ಲಾದರೋ ಬೆಲೆ ಬಾಳುವ ಮಾತು ಬೇರೆಯೇ ಇತ್ತು: 'ಹೊಳ್ಳಿ ನೋಡೂದ್ರೊಳಗ ಟಂಟಂ ಉರುಳಿ ಬಿದ್ದಿತ್ತು'. ಅಂದರೆ ನೀವು ಸಪ್ಪಳ ಕೇಳಿ ತಿರುಗಿದಿರಿ; ಢಿಕ್ಕಿಯನ್ನು ನೀವು ನೋಡಿಲ್ಲ, ಅದಕ್ಕೆ ಮೊದಲಿನ ವೇಗವನ್ನಂತೂ ನೋಡಿರಲು ಸಾಧ್ಯವೇ ಇಲ್ಲ. 'ಬಂದಿರಬೇಕ್ರಿ' ಎಂಬ ಕೊನೆಯ ಪದದಲ್ಲಿ ಅದು ನಿಮ್ಮ ಊಹೆ ಎಂಬುದನ್ನೂ ನೀವು ಪ್ರಾಮಾಣಿಕವಾಗಿ ಸೇರಿಸಿದ್ದಿರಿ. ಇಂಥ ಮಾತು ಕಾಗದಕ್ಕೆ ಇಳಿಯುವಾಗ 'ಲಾರಿ ಚಾಲಕನು ತನ್ನ ಲಾರಿಯನ್ನು ಅತಿವೇಗ ಹಾಗೂ ಅಲಕ್ಷತನದಿಂದ ನಡೆಸಿಕೊಂಡು ಬಂದು' ಎಂಬ ಸಿದ್ಧ ವಾಕ್ಯವಾಗಿ ಬಿಡುವುದನ್ನು ನಾನು ಅನೇಕ ಹೇಳಿಕೆಗಳಲ್ಲಿ ಓದಿದ್ದೇನೆ. ಹೊರಳಿ ನೋಡಿದ್ದೂ ಹೋಯಿತು, 'ಇರಬೇಕು' ಎಂಬುದೂ ಹೋಯಿತು. ಎರಡು ವರ್ಷದ ಮೇಲೆ ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ಆ ಕಾಗದಕ್ಕೂ ನಿಮ್ಮ ಮಾತಿಗೂ ಹೊಂದಿಕೆಯಾಗದಿದ್ದರೆ ಸಂಶಯ ಬೀಳುವುದು ನಿಮ್ಮ ಮೇಲೆ. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಅನ್ಯಾಯ.

ನ್ಯಾಯಾಲಯದಲ್ಲಿ ನೀವು ಮಾಡಬೇಕಾದುದು ಇಷ್ಟೇ. ಏನನ್ನು ಕಣ್ಣಾರೆ ಕಂಡಿರಿ, ಏನನ್ನು ಕಿವಿಯಾರೆ ಕೇಳಿದಿರಿ, ಏನನ್ನು ಆಮೇಲೆ ಊಹಿಸಿದಿರಿ ಎಂಬುದನ್ನು ಬೇರೆಬೇರೆಯಾಗಿ ಹೇಳಿ. ಬಣ್ಣದ ಬಗ್ಗೆ ಕೇಳಿದರೆ, 'ಕೆಂಪು ಎಂದು ಈಗ ನೆನಪಿಗೆ ಬರುತ್ತದೆ, ಆದರೆ ಆ ಬಣ್ಣವನ್ನು ಮೊದಲು ಹೇಳಿದವರು ನಾನಲ್ಲ' ಎಂದು ನೀವು ನನಗೆ ಬರೆದದ್ದನ್ನೇ ನ್ಯಾಯಾಧೀಶರಿಗೂ ಹೇಳಿ. 'ನೆನಪಿಲ್ಲ' ಎಂಬುದೂ ಒಂದು ಉತ್ತರವೇ. ನಿಜವಾಗಿ ನೆನಪಿಲ್ಲದಾಗ ಅದಕ್ಕಿಂತ ಸರಿಯಾದ ಉತ್ತರ ಇನ್ನೊಂದಿಲ್ಲ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಮಿನ ಪ್ರಕಾರ ತನಿಖೆಯ ವೇಳೆ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ, ಆದ್ದರಿಂದ ಬರೆದುಕೊಂಡ ಪ್ರತಿಯೊಂದು ಪದಕ್ಕೂ ನೀವು ಒಪ್ಪಿಗೆ ಕೊಟ್ಟಿದ್ದಿರಿ ಎಂದು ಹೆದರಬೇಕಾಗಿಲ್ಲ.

ಇನ್ನು ಆ ದಿನ ನಿಮ್ಮನ್ನು ಹೇಗೆ ಕೇಳಬೇಕಾಗಿತ್ತು ಎಂಬ ಮಾತು. ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸಲ್‌ಮನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಇದಕ್ಕೆಂದೇ ಒಂದು ಕ್ರಮವನ್ನು ರೂಪಿಸಿದರು. ಅದನ್ನು ಕಾಗ್ನಿಟಿವ್ ಇಂಟರ್‌ವ್ಯೂ ಎನ್ನುತ್ತಾರೆ. ನೆನಪು ತಾನಾಗಿ ಓಡಾಡುವ ದಾರಿಯನ್ನೇ ಹಿಡಿದು ಕೇಳುವ ಕ್ರಮ ಎಂದು ನಾವು ತಿಳಿದುಕೊಳ್ಳಬಹುದು. ಅದರ ಮೊದಲ ಹೆಜ್ಜೆ, ಸಾಕ್ಷಿಯನ್ನು ಮನಸ್ಸಿನಲ್ಲೇ ಆ ಜಾಗಕ್ಕೆ, ಆ ಹೊತ್ತಿಗೆ ಮರಳಿ ಕರೆದೊಯ್ಯುವುದು: ಎಲ್ಲಿ ಕುಳಿತಿದ್ದಿರಿ, ಕೈಯಲ್ಲಿ ಏನಿತ್ತು, ಬಿಸಿಲಿತ್ತೋ ಮೋಡವಿತ್ತೋ, ಮನಸ್ಸು ಹೇಗಿತ್ತು. ಅಡುಗೆಮನೆಗೆ ಬಂದು ಯಾಕೆ ಬಂದೆನೆಂದು ಮರೆತವರು ಮತ್ತೆ ಪಡಸಾಲೆಗೆ ಹೋಗಿ ನಿಂತ ಕೂಡಲೇ ನೆನಪಾಗುವುದು ಎಲ್ಲರಿಗೂ ಅನುಭವಕ್ಕೆ ಬಂದದ್ದು. ಇಲ್ಲಿ ಆ ಪಡಸಾಲೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದಷ್ಟೇ ವ್ಯತ್ಯಾಸ. ಎರಡನೆಯದು, ಮುಖ್ಯವೋ ಅಲ್ಲವೋ ಎಂದು ಸೋಸದೆ, ಅರೆಬರೆಯಾಗಿ ನೆನಪಿರುವುದನ್ನೂ ಬಿಡದೆ ಎಲ್ಲವನ್ನೂ ಹೇಳಲು ತಿಳಿಸುವುದು. ಮೂರನೆಯದು, ಕೊನೆಯಿಂದ ಮೊದಲಿಗೆ, ಹಿಂದುಮುಂದಾಗಿ ಹೇಳಿಸುವುದು. ನಾಲ್ಕನೆಯದು, ಅಲ್ಲಿದ್ದ ಇನ್ನೊಬ್ಬರ ಜಾಗದಿಂದ ನೋಡಿದರೆ ಹೇಗೆ ಕಾಣುತ್ತಿತ್ತು ಎಂದು ಯೋಚಿಸಲು ಹೇಳುವುದು. ನನ್ನ ಮಟ್ಟಿಗೆ ಮೊದಲೆರಡೇ ಚಿನ್ನ. ನಾಲ್ಕನೆಯದು ಊಹೆಗೆ ಬಾಗಿಲು ತೆರೆಯಬಹುದಾದ್ದರಿಂದ ಅದನ್ನು ಬಳಸಲು ನಾನು ಹಿಂಜರಿಯುತ್ತೇನೆ, ಮಕ್ಕಳ ವಿಷಯದಲ್ಲಂತೂ ಬೇಡವೇ ಬೇಡ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿ ಕಲಿತಿದ್ದರೂ ನಂಬಿದ್ದು ನಮ್ಮ ಓಣಿಯಲ್ಲಿ. ಕೆಲವು ವರ್ಷಗಳ ಹಿಂದೆ ನಾವೆಲ್ಲ ಅಕ್ಕಾ ಎಂದು ಕರೆಯುವ ಹಿರಿಯರೊಬ್ಬರು ಸಂತೆ ಮುಗಿಸಿಕೊಂಡು ಬರುವಾಗ ಬೈಕಿನಲ್ಲಿ ಬಂದ ಇಬ್ಬರು ಅವರ ಕೊರಳ ಸರ ಕಿತ್ತುಕೊಂಡು ಹೋದರು. ಅಂದು ರಾತ್ರಿ ಹೇಳಿಕೆ ಕೊಟ್ಟು ಬಂದಿದ್ದರು. 'ಮುಖ ಹೆಂಗಿತ್ತು, ಮುಖ ಹೆಂಗಿತ್ತು ಅಂತ ಎಲ್ಲಾರೂ ಕೇಳ್ತಾರ ತಮ್ಮಾ, ನಾ ಏನೂ ನೋಡಿಲ್ಲ, ಎಲ್ಲಾ ಏಕದಂ ಆಗಿಹೋತು' ಎಂದು ಮರುದಿನ ನನ್ನ ಮುಂದೆ ಕಣ್ಣೀರು ಹಾಕಿದರು. ನಾನು ಮುಖದ ಸುದ್ದಿ ಎತ್ತಲಿಲ್ಲ, ಬೈಕಿನ ಸುದ್ದಿಯನ್ನೂ ಎತ್ತಲಿಲ್ಲ. 'ಅಕ್ಕಾ, ಕಣ್ಣು ಮುಚ್ಚಿ ಕೂಡ್ರಿ. ಸಂತಿಯಿಂದ ಹೊಂಟಾಗ ಕೈಯಾಗ ಏನಿತ್ತು?' ಎಂದು ಕೇಳಿ ಸುಮ್ಮನಾದೆ. ಎಡಗೈಯಲ್ಲಿ ಚೀಲವಿತ್ತು, ಪುಂಡಿಪಲ್ಯದ ಸಿವುಡು ಹೊರಗೆ ಇಣುಕುತ್ತಿತ್ತು ಎಂದರು. ಎಲ್ಲಿಂದಲೋ ಮಿರ್ಚಿ ಕರಿಯುವ ವಾಸನೆ ಬರುತ್ತಿತ್ತು ಎಂದರು. ಆಮೇಲೆ ತಾವಾಗಿಯೇ, 'ಚಪ್ಪಲಿ ಉಂಗುಟ ಸಡಲಾಗಿತ್ತು ನೋಡು, ಅದಕ್ಕ ತಲಿ ಕೆಳಗ ಹಾಕಿ ನಡದಿದ್ದೆ' ಎಂದರು. ಅಲ್ಲಿಗೆ ಮಾತು ನಿಂತಿತು. ಮುಂದೇನು ಎಂದು ಕೇಳಬೇಕೆಂಬ ಆತುರ ನನ್ನ ಗಂಟಲಿಗೆ ಬಂದಿತ್ತು, ತಡೆದುಕೊಂಡೆ. ಬಹಳ ಹೊತ್ತಿನ ಮೇಲೆ, ಕಣ್ಣು ಮುಚ್ಚಿಕೊಂಡೇ, 'ಹಿಂದ ಕುಂತವನ ಕಾಲಾಗ ನೀಲಿ ಹವಾಯಿ ಚಪ್ಪಲಿ, ಹಿಮ್ಮಡಕ್ಕ ಬಿಳಿ ಪಟ್ಟಿ ಸುತ್ತಿತ್ತು' ಎಂದರು. ತಲೆ ತಗ್ಗಿಸಿ ನಡೆಯುತ್ತಿದ್ದವರ ಕಣ್ಣಿಗೆ ಮುಖ ಬೀಳುವುದು ಹೇಗೆ? ಅವರು ಕಂಡದ್ದು ಕಾಲುಗಳನ್ನು, ಆದರೆ ಕಾಲಿನ ಬಗ್ಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ಯಾರಿಗಾದರೂ ಹೊಳೆಯುವಂತೆಯೂ ಇರಲಿಲ್ಲ. ಅದೇ ಸಂಜೆ ಅವರು ಠಾಣೆಗೆ ಹೋಗಿ ಅದನ್ನು ಬರೆಸಿ ಬಂದರು. ಕೇಳುವವನಿಗೆ ಏನು ಗೊತ್ತಿಲ್ಲವೋ ಅದನ್ನು ಅವನು ಪ್ರಶ್ನೆಯಾಗಿ ಕೇಳಲಾರ ಎಂಬ ಸಣ್ಣ ಸತ್ಯ ನನಗೆ ಅಂದು ಮನದಟ್ಟಾಯಿತು.

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಠಾಣೆಯೊಂದರಲ್ಲಿ ಹೆಡ್ ಕಾನ್‌ಸ್ಟೇಬಲ್. ಒಂದೊಂದು ದಿನ ಆರೇಳು ಜನರ ಹೇಳಿಕೆ ಬರೆಯಬೇಕಾಗುತ್ತದೆ, ಒಬ್ಬೊಬ್ಬರಿಗೆ ಗಂಟೆಗಟ್ಟಲೆ ಸಮಯ ಕೊಡಲು ಆಗುವುದಿಲ್ಲ. ಮೇಲಾಗಿ ತಾಂಡಾದವರು ಲಂಬಾಣಿಯಲ್ಲಿ, ಗುರುಮಠಕಲ್ ಕಡೆಯವರು ತೆಲುಗಿನಲ್ಲಿ, ಇನ್ನು ಕೆಲವರು ಉರ್ದುವಿನಲ್ಲಿ ಹೇಳುತ್ತಾರೆ. ನಾವು ಕನ್ನಡದಲ್ಲಿ ಬರೆಯುತ್ತೇವೆ. ನಮಗೆ ಸಾಧ್ಯವಾಗುವಂಥದ್ದು ಏನಾದರೂ ಇದ್ದರೆ ತಿಳಿಸಿ.

ಉತ್ತರ: ಈ ಪತ್ರ ಬಂದದ್ದು ನನಗೆ ತುಂಬ ಸಂತೋಷ ಕೊಟ್ಟಿದೆ, ಏಕೆಂದರೆ ಸಾಕ್ಷಿಯ ನೆನಪು ಉಳಿಯುವುದೂ ಕೆಡುವುದೂ ಬಹುಮಟ್ಟಿಗೆ ನಿಮ್ಮಂಥವರು ಮೊದಲ ದಿನ ಕೂತು ಕೇಳುವ ಆ ಹತ್ತಿಪ್ಪತ್ತು ನಿಮಿಷಗಳಲ್ಲಿ. ಸೂಚಕ ಪ್ರಶ್ನೆ, ಎಂದರೆ ಉತ್ತರವನ್ನು ತನ್ನೊಳಗೇ ಇಟ್ಟುಕೊಂಡಿರುವ ಪ್ರಶ್ನೆಯನ್ನು, ಮುಖ್ಯ ವಿಚಾರಣೆಯಲ್ಲಿ (ಸಾಕ್ಷಿಯನ್ನು ಕರೆಸಿದ ಪಕ್ಷದವರೇ ಮೊದಲು ಕೇಳುವಾಗ) ಎದುರು ಪಕ್ಷದವರು ಆಕ್ಷೇಪಿಸಿದರೆ ನ್ಯಾಯಾಲಯದ ಅನುಮತಿಯಿಲ್ಲದೆ ಕೇಳುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 146ನೇ ಕಲಮು ಹೇಳುತ್ತದೆ. ಆದರೆ ಆ ತಡೆ ಶುರುವಾಗುವುದು ಸಾಕ್ಷಿ ಕಟ್ಟೆಯಲ್ಲಿ. ಅಷ್ಟು ಹೊತ್ತಿಗೆ, ಮೊದಲ ದಿನವೇ ಸೂಚಕ ಪ್ರಶ್ನೆಗಳು ಬಿದ್ದಿದ್ದರೆ, ಅವು ನೆನಪಿನೊಳಗೆ ಬೆರೆತು ವರ್ಷಗಳೇ ಆಗಿರುತ್ತವೆ, ಮತ್ತು ಬೆರೆತದ್ದನ್ನು ಬೇರ್ಪಡಿಸುವ ಉಪಾಯ ಯಾವ ವಕೀಲರ ಬಳಿಯೂ ಇಲ್ಲ.

ಸಮಯದ ಮಾತಿಗೆ ಬರೋಣ. ಫ್ಲೋರಿಡಾದ ಪತ್ತೇದಾರರು ನಡೆಸಿದ ವಿಚಾರಣೆಗಳ ಧ್ವನಿಮುದ್ರಣಗಳನ್ನು ಫಿಶರ್ ಮತ್ತು ಸಂಗಡಿಗರು 1987ರಲ್ಲಿ ಕೂತು ಕೇಳಿದಾಗ, ಸಾಕ್ಷಿ ಮಾತು ಆರಂಭಿಸಿದ ಸರಾಸರಿ 7.5 ಸೆಕೆಂಡುಗಳಿಗೇ ಅಧಿಕಾರಿ ನಡುವೆ ಬಾಯಿ ಹಾಕಿದ್ದು ಕಂಡುಬಂತು. ಏಳೂವರೆ ಸೆಕೆಂಡು ಎಂದರೆ 'ನಾನು ಸಂಜೆ ಹೊಲದಿಂದ ಮನೆಗೆ ಬರುತ್ತಿದ್ದಾಗ' ಎನ್ನುವಷ್ಟು ಹೊತ್ತು. ಎರಡು ಮೂರು ಸಲ ಹೀಗೆ ತಡೆದರೆ ಸಾಕ್ಷಿ ತನ್ನ ಮನಸ್ಸಿನ ಚಿತ್ರವನ್ನು ನೋಡುವುದನ್ನು ಬಿಟ್ಟು ನಿಮ್ಮ ಮುಂದಿನ ಪ್ರಶ್ನೆಗೆ ಕಾಯತೊಡಗುತ್ತಾನೆ, ಕೇಳಿದ್ದಕ್ಕೆ ಮಾತ್ರ ಚುಟುಕಾಗಿ ಉತ್ತರಿಸುತ್ತಾನೆ. ಅನಂತರ 1989ರಲ್ಲಿ ಮಿಯಾಮಿ ಪ್ರದೇಶದ ದರೋಡೆ ವಿಭಾಗದ ಪತ್ತೇದಾರರಲ್ಲಿ 7 ಮಂದಿಗೆ ಮೇಲೆ ಹೇಳಿದ ಕಾಗ್ನಿಟಿವ್ ಇಂಟರ್‌ವ್ಯೂ ಕ್ರಮವನ್ನು ಕಲಿಸಿ, ನಿಜವಾದ ಪ್ರಕರಣಗಳ ಸಾಕ್ಷಿಗಳೊಡನೆ ಅವರು ನಡೆಸಿದ ಮಾತುಕತೆಗಳನ್ನು ಹೋಲಿಸಿ ನೋಡಿದರು. ತರಬೇತಿಗೆ ಮೊದಲು ಅವರಿಗೆ ಸಿಗುತ್ತಿದ್ದುದಕ್ಕಿಂತ ಶೇ 47ರಷ್ಟು, ತರಬೇತಿ ಇಲ್ಲದ ಸಹೋದ್ಯೋಗಿಗಳಿಗೆ ಸಿಕ್ಕಿದ್ದಕ್ಕಿಂತ ಶೇ 63ರಷ್ಟು ಹೆಚ್ಚು ಮಾಹಿತಿ ದೊರೆತಿತ್ತು.

ನಿಮಗಿರುವ ಹದಿನೈದು ನಿಮಿಷದಲ್ಲೂ ಬದಲಾಯಿಸಬಹುದಾದದ್ದು ಬಹಳ ಇದೆ. ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ ಎಂದು ಮೊದಲು ಕೇಳುವ ರೂಢಿಯನ್ನು ಕೊನೆಗೆ ತಳ್ಳಿ. ಒಂದು ಪದದ ಉತ್ತರ ಬೇಡುವ ಆ ಹತ್ತು ಪ್ರಶ್ನೆಗಳು ಮುಗಿಯುವ ಹೊತ್ತಿಗೆ, ಇಲ್ಲಿ ಒಂದು ಪದದಲ್ಲಿ ಉತ್ತರಿಸಬೇಕು ಎಂಬ ಪಾಠ ಸಾಕ್ಷಿಗೆ ತಿಳಿಯದೆಯೇ ಆಗಿಹೋಗಿರುತ್ತದೆ. ಅದರ ಬದಲು ಕುರ್ಚಿ ಕೊಟ್ಟು, ನೀರು ಕೊಟ್ಟು, ಜನ ಓಡಾಡದ ಮೂಲೆಯಲ್ಲಿ ಕೂಡ್ರಿಸಿ, 'ನೀವು ಅಲ್ಲಿದ್ದಿರಿ, ನಾನು ಇರಲಿಲ್ಲ. ನೀವು ನೋಡಿದ್ದು ಸಣ್ಣದಿರಲಿ ದೊಡ್ಡದಿರಲಿ ಎಲ್ಲಾ ಹೇಳ್ರಿ, ಅವಸರ ಇಲ್ಲ, ಗೊತ್ತಿಲ್ಲದ್ದು ಗೊತ್ತಿಲ್ಲ ಅನ್ರಿ' ಎಂದು ಹೇಳಿ ಪೆನ್ನನ್ನು ಕೆಳಗಿಡಿ. ಬೇಕಾದರೆ ಕಣ್ಣು ಮುಚ್ಚಿಕೊಂಡು ನೆನೆಯಲು ಹೇಳಿ. ಕಣ್ಣು ಮುಚ್ಚಿದರೆ ಸುತ್ತಲಿನ ಗದ್ದಲ ಮರೆಯಾಗಿ ವಿವರಗಳು ಹೆಚ್ಚು ನೆನಪಾಗುತ್ತವೆ ಎಂಬುದು ಪ್ರಯೋಗಗಳಲ್ಲೂ ಸ್ಥಿರಪಟ್ಟಿದೆ. ಮಾತು ನಿಂತಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಹತ್ತರಲ್ಲಿ ಬರುವುದು ನಿಮ್ಮ ಹತ್ತು ಪ್ರಶ್ನೆಗಳಿಗೂ ಬರುವುದಿಲ್ಲ. ಪೂರ್ತಿ ಹೇಳಿ ಮುಗಿಸಿದ ಮೇಲೆ ಅವರು ಬಳಸಿದ ಪದವನ್ನೇ ಹಿಡಿದು ಕೇಳಿ: ಅವರು 'ಗಾಡಿ' ಎಂದಿದ್ದರೆ ನೀವು 'ಲಾರಿ' ಎನ್ನದೆ 'ಆ ಗಾಡಿ ಬಗ್ಗೆ ಇನ್ನೂ ಏನು ನೆನಪೈತಿ?' ಎನ್ನಿ. ಹೌದು ಅಥವಾ ಇಲ್ಲ ಎಂಬ ಉತ್ತರದ ಪ್ರಶ್ನೆಗಳು ಎಲ್ಲಕ್ಕಿಂತ ಕೊನೆಗೆ, ಅವು ಇಲ್ಲದೆ ಕೆಲಸ ಆಗುವುದೇ ಇಲ್ಲ ಎಂಬಲ್ಲಿ ಮಾತ್ರ. ಜಾಗದ ವಿಷಯ ಬಂದಾಗ ಒಂದು ಹಾಳೆ ಕೊಟ್ಟು ಗೆರೆ ಎಳೆದು ತೋರಿಸಲು ಹೇಳುವುದು ಒಳ್ಳೆಯದು. ಅಕ್ಷರ ಬಾರದವರೂ ತಮ್ಮ ಹೊಲ, ಬಾಂದು, ದಾರಿಗಳನ್ನು ಎಷ್ಟು ಖಚಿತವಾಗಿ ಎಳೆದು ತೋರಿಸುತ್ತಾರೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಬಸ್ಸು ಉರುಳಿ ಇಪ್ಪತ್ತು ಮಂದಿ ಸಾಕ್ಷಿಗಳಿದ್ದು ನೀವು ಇಬ್ಬರೇ ಇದ್ದಾಗ ಏನು ಮಾಡಬೇಕು? ಬ್ರಿಟನ್ನಿನ ಫಿಯೋನಾ ಗ್ಯಾಬರ್ಟ್, ಲೊರೇನ್ ಹೋಪ್ ಅವರು ಫಿಶರ್ ಅವರೊಡನೆ ಸೇರಿ 2009ರಲ್ಲಿ ಸಾಕ್ಷಿಯೇ ತನ್ನ ಕೈಯಾರೆ ತುಂಬುವ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸಿದರು. ಆ ಜಾಗವನ್ನು ನೆನೆಯಿರಿ, ಎಲ್ಲವನ್ನೂ ಬರೆಯಿರಿ, ಊಹಿಸಬೇಡಿ, ನಕ್ಷೆ ಎಳೆಯಿರಿ ಎಂದು ಅದು ಹಂತ ಹಂತವಾಗಿ ತಿಳಿಸುತ್ತದೆ. ನೆನಪಿದ್ದದ್ದನ್ನು ಬರೆಯಿರಿ ಎಂದಷ್ಟೇ ಹೇಳಿಸಿಕೊಂಡವರಿಗಿಂತ ಇದನ್ನು ತುಂಬಿದವರು ಶೇ 42ರಷ್ಟು ಹೆಚ್ಚು ಸರಿಯಾದ ವಿವರಗಳನ್ನು ಬರೆದರು. ಕನ್ನಡದಲ್ಲಿ, ನಮ್ಮ ಭಾಗದ ಮಾತಿನಲ್ಲಿ ಇಂಥದ್ದೊಂದು ಎರಡು ಹಾಳೆಯ ಪತ್ರ ಪ್ರತಿ ಠಾಣೆಯ ಮೇಜಿನ ಮೇಲೂ ಇರಬೇಕೆಂಬುದು ನನ್ನ ಬಹು ದಿನದ ಆಸೆ. ಅದನ್ನು ಸಿದ್ಧಪಡಿಸಲು ದೊಡ್ಡ ಹಣವೇನೂ ಬೇಕಾಗಿಲ್ಲ.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ತೆಲುಗಿನಲ್ಲೋ ಲಂಬಾಣಿಯಲ್ಲೋ ಹೇಳಿದ್ದು ನಿಮ್ಮ ಮನಸ್ಸಿನಲ್ಲಿ ಕನ್ನಡವಾಗಿ, ಅಲ್ಲಿಂದ ಕಚೇರಿಯ ಕನ್ನಡವಾಗಿ ಕಾಗದಕ್ಕೆ ಇಳಿಯುವಾಗ ಎರಡು ಕಡೆ ಸೋರುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಮು ಸಾಕ್ಷಿಯ ಹೇಳಿಕೆಯನ್ನು ಧ್ವನಿ ಮತ್ತು ದೃಶ್ಯ ಮುದ್ರಣದ ಮೂಲಕವೂ ದಾಖಲಿಸಲು ಅವಕಾಶ ಕೊಟ್ಟಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಈ ಕಾನೂನಿನ ಆ ಅವಕಾಶವನ್ನು ಇಂಥ ಕಡೆಯೇ ಬಳಸಬೇಕು. ಮುದ್ರಣ ಸಾಧ್ಯವಾಗದಿದ್ದರೆ ಮುಖ್ಯವಾದ ಒಂದೆರಡು ಮಾತುಗಳನ್ನಾದರೂ ಅವರು ಆಡಿದ ಭಾಷೆಯಲ್ಲೇ, ಅವರು ಆಡಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಅರ್ಥ ಬರೆಯಿರಿ. ಬೇರೆ ಭಾಷೆ ತಿಳಿದವರನ್ನು ದುಭಾಷಿಯಾಗಿ ಕೂಡ್ರಿಸಿಕೊಂಡಾಗ, ಆ ವ್ಯಕ್ತಿ ಪ್ರಕರಣದ ಯಾವ ಕಡೆಯವರಿಗೂ ಬೇಕಾದವರಲ್ಲ ಎಂಬುದನ್ನು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಒಂದು ಹೊಡೆದಾಟವನ್ನು ಕಂಡಿದ್ದಾಳೆ. ಅವಳನ್ನು ನಾವು ಶಿಕ್ಷಕರೇ ಮೂರು ನಾಲ್ಕು ಸಲ ಕೇಳಿದೆವು, ಪ್ರತಿ ಸಲವೂ ಉತ್ತರ ಸ್ವಲ್ಪ ಬದಲಾಗುತ್ತಿದೆ. ಅವಳು ಸುಳ್ಳು ಹೇಳುತ್ತಿದ್ದಾಳೆಯೇ? (ಶಿಕ್ಷಕಿ, ಭಾಲ್ಕಿ)

ಉತ್ತರ: ಮೇಡಂ, ದಯವಿಟ್ಟು ಇನ್ನು ಕೇಳುವುದನ್ನು ನಿಲ್ಲಿಸಿ. ಶಾಲೆಯಲ್ಲಿ ಒಂದೇ ಪ್ರಶ್ನೆಯನ್ನು ಗುರುಗಳು ಎರಡನೆಯ ಸಲ ಕೇಳಿದರೆಂದರೆ ಮೊದಲ ಉತ್ತರ ತಪ್ಪಾಯಿತು ಎಂದೇ ಮಗುವಿಗೆ ಅರ್ಥ. ಮಗ್ಗಿ ಒಪ್ಪಿಸುವಾಗ ಹಾಗೆಯೇ ನಡೆಯುತ್ತದಲ್ಲವೇ? ಆದ್ದರಿಂದ ಅವಳು ಉತ್ತರ ಬದಲಿಸುವುದು ನಿಮ್ಮನ್ನು ಮೆಚ್ಚಿಸಲು, ವಂಚಿಸಲು ಅಲ್ಲ.

ಮಕ್ಕಳ ವಿಷಯದಲ್ಲಿ ಅಮೆರಿಕದ ರಾಷ್ಟ್ರೀಯ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮೈಕೆಲ್ ಲ್ಯಾಂಬ್ ಮತ್ತು ಸಂಗಡಿಗರು ರೂಪಿಸಿದ ವಿಧಾನ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಮೊದಲು ಕೆಲವು ಮಾತುಗಳನ್ನು ಮಗುವಿಗೆ ಸ್ಪಷ್ಟಪಡಿಸುತ್ತಾರೆ: ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದು, ಪ್ರಶ್ನೆ ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಬಹುದು, ನಾನು ತಪ್ಪು ಹೇಳಿದರೆ ನೀನು ನನ್ನನ್ನು ತಿದ್ದಬಹುದು. ಗುರುಗಳನ್ನು ತಿದ್ದಿ ರೂಢಿಯಿಲ್ಲದ ನಮ್ಮ ಮಕ್ಕಳಿಗೆ ಈ ಕೊನೆಯ ಮಾತನ್ನು ಬರಿದೆ ಹೇಳಿದರೆ ಸಾಲದು, ಆಡಿಸಿ ತೋರಿಸಬೇಕು. 'ನಿನಗೆ ಹದಿನೈದು ವರ್ಷ ಅಲ್ಲವೇನವ್ವಾ' ಎಂದು ಬೇಕೆಂದೇ ತಪ್ಪು ಹೇಳಿ, ಅವಳು ನಕ್ಕು 'ಅಲ್ರೀ, ಹತ್ತು' ಎಂದಾಗ ಮೆಚ್ಚಿಕೊಳ್ಳಬೇಕು. ಆಮೇಲೆ ಪ್ರಕರಣಕ್ಕೆ ಸಂಬಂಧವಿಲ್ಲದ ಒಂದು ಸಂಗತಿಯನ್ನು, ಊರ ಜಾತ್ರೆಗೆ ಹೋದದ್ದನ್ನೋ ಅಕ್ಕನ ಮದುವೆಯನ್ನೋ, ಮೊದಲಿನಿಂದ ಕೊನೆಯವರೆಗೆ ಅವಳ ಬಾಯಿಂದಲೇ ಹೇಳಿಸಿ ಅಭ್ಯಾಸ ಮಾಡಿಸುತ್ತಾರೆ. ಆನಂತರವೇ ವಿಷಯಕ್ಕೆ ಬರುವುದು, ಅದೂ 'ಏನಾಯಿತು ಹೇಳು', 'ಆಮೇಲೆ ಏನಾಯಿತು' ಎಂಬಂಥ ತೆರೆದ ಮಾತುಗಳಿಂದ. ಇಷ್ಟನ್ನೂ ಮಾಡಬೇಕಾದವರು ತರಬೇತಿ ಪಡೆದ ಅಧಿಕಾರಿ ಅಥವಾ ಆಪ್ತ ಸಮಾಲೋಚಕರು. ನೀವು ಮಾಡಬೇಕಾದದ್ದು, ಅವಳು ಮೊದಲ ಸಲ ಏನು ಹೇಳಿದಳೋ ಅದನ್ನು ಅವಳ ಮಾತಿನಲ್ಲೇ, ನೀವು ಕೇಳಿದ ಪ್ರಶ್ನೆಯ ಸಮೇತ ಬರೆದಿಟ್ಟು ಅವರಿಗೆ ಒಪ್ಪಿಸುವುದು. ಚಿಕ್ಕವಳೆಂಬ ಒಂದೇ ಕಾರಣಕ್ಕೆ ಅವಳ ಸಾಕ್ಷ್ಯವನ್ನು ಕಾನೂನು ತಳ್ಳಿಹಾಕುವುದಿಲ್ಲ. ಪ್ರಶ್ನೆಯನ್ನು ತಿಳಿದು ಸರಿಯಾಗಿ ಉತ್ತರಿಸಬಲ್ಲಳೇ ಎಂಬುದನ್ನು ಮಾತ್ರ ನ್ಯಾಯಾಲಯ ನೋಡುತ್ತದೆ.

ಪ್ರಶ್ನೆ: ಸಾಕ್ಷಿಯಿಂದ ನೆನಪಿರುವ ಎಲ್ಲವನ್ನೂ ಹೇಳಿಸಿದರೆ ತಪ್ಪು ವಿವರಗಳೂ ಹೆಚ್ಚಾಗುವುದಿಲ್ಲವೇ? ಸಂಮೋಹನ ಅಥವಾ ಮಂಪರು ಪರೀಕ್ಷೆ ಇದಕ್ಕಿಂತ ಖಚಿತವಲ್ಲವೇ? (ಕಾನೂನು ವಿದ್ಯಾರ್ಥಿ, ಕಲಬುರಗಿ)

ಉತ್ತರ: ಮೊದಲ ಪ್ರಶ್ನೆ ನ್ಯಾಯವಾದದ್ದು. ಕಾಗ್ನಿಟಿವ್ ಇಂಟರ್‌ವ್ಯೂ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 1999ರಲ್ಲಿ ಜರ್ಮನಿಯ ಗುಂಟರ್ ಕೋನ್‌ಕೆನ್ ಮತ್ತು ಸಂಗಡಿಗರು ಪರಿಶೀಲಿಸಿದಾಗ, ಸರಿಯಾದ ವಿವರಗಳು ಬಹಳವಾಗಿ, ತಪ್ಪು ವಿವರಗಳು ಸ್ವಲ್ಪವಾಗಿ ಹೆಚ್ಚುತ್ತವೆ ಎಂದು ಕಂಡಿತು. ಹೇಳಿದ್ದರಲ್ಲಿ ಸರಿಯಿದ್ದ ಪಾಲು ಈ ಕ್ರಮದಲ್ಲಿ ಸುಮಾರು ಶೇ 85, ಸಾಮಾನ್ಯ ವಿಚಾರಣೆಯಲ್ಲಿ ಸುಮಾರು ಶೇ 82. ಆದ್ದರಿಂದ ಒಂದು ವಿವರ ಈ ಕ್ರಮದಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬಾರದು. ಬೇರೆ ಪುರಾವೆಗಳೊಡನೆ ತಾಳೆ ನೋಡಲೇಬೇಕು. ಗುರುತು ಪತ್ತೆ ಪೆರೇಡಿನಲ್ಲಿ ಮುಖವನ್ನು ಗುರುತಿಸುವುದಕ್ಕೆ ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಎಂಬುದನ್ನೂ ನೀವು ಬರೆದುಕೊಳ್ಳಿ. ನೆನೆದು ಹೇಳುವುದು ಒಂದು ಕೆಲಸ, ನೋಡಿ ಗುರುತಿಸುವುದು ಇನ್ನೊಂದು.

ಸಂಮೋಹನದಲ್ಲಿ ಮನುಷ್ಯ ಸೂಚನೆಗೆ ಬೇಗ ಒಳಗಾಗುತ್ತಾನೆ, ಮತ್ತು ತಪ್ಪು ನೆನಪಿನ ಮೇಲೂ ಅವನಿಗೆ ಗಟ್ಟಿ ಭರವಸೆ ಹುಟ್ಟಿಬಿಡುತ್ತದೆ. ಪಾಟೀ ಸವಾಲಿಗೂ ಅಲುಗದ ತಪ್ಪು ಸಾಕ್ಷ್ಯಕ್ಕಿಂತ ಅಪಾಯದ ವಸ್ತು ಇನ್ನೊಂದಿಲ್ಲ. ಮಂಪರು ಪರೀಕ್ಷೆಯ ಬಗ್ಗೆ ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ನೀವು ಪೂರ್ತಿ ಓದಬೇಕು. ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ ಅಥವಾ ಮಿದುಳು ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಮದ್ದು ಚುಚ್ಚಿ ಬಾಯಿ ಬಿಡಿಸುವ ಮಾತಿಗಿಂತ ಒಂದು ಲೋಟ ನೀರು ಕೊಟ್ಟು ಸುಮ್ಮನೆ ಕೇಳಿಸಿಕೊಳ್ಳುವ ಮಾತು ನಿಮ್ಮ ಪೀಳಿಗೆಯ ವಕೀಲರಿಗೆ ಹೆಚ್ಚು ರುಚಿಸಲಿ ಎಂದು ಹಾರೈಸುತ್ತೇನೆ.

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ, ಓದು ಬರಹ ಬಾರದು, ಮರಾಠಿ ಮಾತ್ರ ಸಲೀಸು. ಪಕ್ಕದ ಮನೆಯ ಕಳ್ಳತನದ ರಾತ್ರಿ ಒಬ್ಬನು ಗೋಡೆ ಹಾರಿದ್ದನ್ನು ಕಂಡಿದ್ದಾರೆ. ಈಗ ದಿನಾ ಸಂಜೆ ಕಟ್ಟೆಯ ಮೇಲೆ ಅದೇ ಮಾತು ನಡೆಯುತ್ತದೆ. ಅವರು ಠಾಣೆಗೆ ಹೋಗಲೇಬೇಕೇ? (ಔರಾದ್)

ಉತ್ತರ: ಹೋಗಬೇಕಾಗಿಲ್ಲ. ಮಹಿಳೆಯರನ್ನು, ಹಾಗೆಯೇ 15 ವರ್ಷದೊಳಗಿನ ಮತ್ತು 60 ವರ್ಷ ಮೀರಿದ ಪುರುಷರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಸಾಕ್ಷಿಯಾಗಿ ಅವರಿರುವ ಜಾಗದಿಂದ ಬೇರೆಡೆಗೆ ಕರೆಸುವಂತಿಲ್ಲ ಎಂದು ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮು ಹೇಳುತ್ತದೆ. ಅವರೇ ಬರಲು ಒಪ್ಪಿದರೆ ಮಾತು ಬೇರೆ. ಮನೆಯಲ್ಲೇ, ತಾವು ಅಂದು ನಿಂತಿದ್ದ ಬಾಗಿಲ ಹತ್ತಿರವೇ ಕೂತು ಹೇಳುವುದು ನೆನಪಿಗೂ ಒಳ್ಳೆಯದು. ವಯಸ್ಸಾಯಿತು, ನೆನಪಿರಲಾರದು ಎಂದು ನೀವು ಅವರ ಪರವಾಗಿ ಉತ್ತರಿಸಲು ಹೋಗಬೇಡಿ. ಅವಸರ ಮಾಡದೆ ಬಿಟ್ಟರೆ ಹಿರಿಯರಿಗೂ ಬಹಳ ನೆನಪಾಗುತ್ತದೆ.

ನನಗೆ ಚಿಂತೆಯಾಗಿರುವುದು ಕಟ್ಟೆಯ ಮಾತು. 2003ರಲ್ಲಿ ಗ್ಯಾಬರ್ಟ್ ಮತ್ತು ಸಂಗಡಿಗರು ಜೋಡಿ ಜೋಡಿಯಾಗಿ ಬಂದವರಿಗೆ ಒಂದೇ ಘಟನೆಯ ಎರಡು ಕೋನದ ಚಿತ್ರಗಳನ್ನು ಬೇರೆಬೇರೆಯಾಗಿ ತೋರಿಸಿ, ಆಮೇಲೆ ಪರಸ್ಪರ ಮಾತಾಡಿಕೊಳ್ಳಲು ಬಿಟ್ಟರು. ಮಾತಾಡಿಕೊಂಡವರಲ್ಲಿ ಶೇ 71ರಷ್ಟು ಮಂದಿ ತಾವು ನೋಡಿರಲು ಸಾಧ್ಯವೇ ಇಲ್ಲದ, ಜೊತೆಯವರಿಂದ ಕೇಳಿದ ಒಂದಾದರೂ ವಿವರವನ್ನು ತಾವೇ ಕಂಡದ್ದೆಂದು ಹೇಳಿದರು. ಅದಕ್ಕೇ ಇಂದು ಸಂಜೆ ಕಟ್ಟೆಗೆ ಹೋಗುವ ಮೊದಲು ತಾಯಿಯವರನ್ನು ಒಬ್ಬರನ್ನೇ ಕೂಡ್ರಿಸಿ, ಮೊಬೈಲ್‌ನಲ್ಲಿ ಧ್ವನಿಮುದ್ರಣ ಹಾಕಿ, 'ಆಯಿ, ಆ ರಾತ್ರಿ ಏನು ಕಂಡಿ, ಎಲ್ಲಾ ಹೇಳು' ಎಂಬರ್ಥದ ಒಂದೇ ಮಾತನ್ನು ಮರಾಠಿಯಲ್ಲಿ ಹೇಳಿ ಸುಮ್ಮನಾಗಿ. ಅವರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಮುದ್ರಣ ಓಡುತ್ತಿರಲಿ. ಕೊನೆಗೆ ಆ ದಿನದ ತಾರೀಕು, ಸಮಯವನ್ನು ನೀವೇ ಬಾಯಲ್ಲಿ ಹೇಳಿ ನಿಲ್ಲಿಸಿ, ಆ ಮುದ್ರಣವನ್ನು ಯಾರಿಗೂ ಕಳಿಸದೆ, ಕತ್ತರಿಸದೆ, ಇದ್ದ ಹಾಗೆಯೇ ಇಟ್ಟುಕೊಂಡು, ಹೇಳಿಕೆ ಬರೆದುಕೊಳ್ಳಲು ಮನೆಗೆ ಬಂದ ಅಧಿಕಾರಿಗೆ ಕೇಳಿಸಿ.